ಮನೆ ನೆಟ್‌ವರ್ಕ್: ಎಲ್ಲದಕ್ಕೂ ಸ್ಟ್ಯಾಟಿಕ್ ಐಪಿ ಹಾಕೋದಾ, ಡಿಎಚ್‌ಸಿಪಿಗೇ ಬಿಡೋದಾ?

ಕೀಲಿಮಣೆ
ಎಲ್ಲರಿಗೂ ನಮಸ್ಕಾರ. ಕರೆಂಟ್ ಹೋಗಿ ಬಂದಾಗೆಲ್ಲ ನಮ್ಮನೆ ಪ್ರಿಂಟರ್ "ಆಫ್‌ಲೈನ್" ಆಗ್ತಿದೆ. ಪ್ರಿಂಟರ್ ಆನ್ ಇರುತ್ತೆ, ವೈಫೈ ದೀಪ ಉರೀತಿರುತ್ತೆ, ವಿಂಡೋಸ್ ಮಾತ್ರ ಒಪ್ಪಲ್ಲ. ರೌಟರ್ ಪೇಜಿಗೆ ಹೋಗಿ ನೋಡಿದ್ರೆ ಪ್ರಿಂಟರಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರ್) ಮುಂಚೆ 192.168.1.104 ಇದ್ದದ್ದು ಈಗ 107 ಆಗಿದೆ. ಈ ನಂಬರನ್ನ ರೌಟರೇ ಡಿಎಚ್‌ಸಿಪಿ ಅನ್ನೋ ವಿಧಾನದಲ್ಲಿ ಹಂಚೋದು. 104 ಟಿವಿ ಪಾಲಾಗಿದೆ.

ಮನೇಲಿ ಇರೋದು ಇಷ್ಟು: ಫೈಲ್ ಇಡೋಕೆ ಅಂತ ಸದಾ ಆನ್ ಇರೋ ಒಂದು ಹಳೇ ಡೆಸ್ಕ್‌ಟಾಪ್, ಎರಡು ಕ್ಯಾಮೆರಾ, ಟಿವಿ, ಲ್ಯಾಪ್‌ಟಾಪ್, ಮನೆಯವರ ಫೋನುಗಳು, ಈ ಪ್ರಿಂಟರ್. ಆಫೀಸಿನ ಗೆಳೆಯ ಒಬ್ಬ "ಎಲ್ಲದಕ್ಕೂ ಸ್ಟ್ಯಾಟಿಕ್ ಹಾಕಿಬಿಡು, ಅಂದ್ರೆ ಒಂದೊಂದು ಉಪಕರಣದಲ್ಲೂ ಖಾಯಂ ನಂಬರನ್ನ ಕೈಯಾರೆ ಬರೆದುಬಿಡು, ತಲೆನೋವೇ ಇರಲ್ಲ" ಅಂದ. ಇನ್ನೊಬ್ಬ "ಹಾಗೆ ಮಾಡಿದ್ರೆ ತಲೆನೋವು ಶುರು" ಅಂದ. ಇಬ್ಬರೂ ನೆಟ್‌ವರ್ಕ್ ಕೆಲಸದೋರೇ. ನೀವೆಲ್ಲ ಏನು ಮಾಡ್ತೀರಿ?

ತಂತಿಪ್ರಿಯ
ಎಲ್ಲದಕ್ಕೂ ಸ್ಟ್ಯಾಟಿಕ್. ಮುಗೀತು.

ಸೊನ್ನೆಒಂದು
ಎಲ್ಲಿ ಮುಗೀತು ಗುರು. ಫೋನು, ಲ್ಯಾಪ್‌ಟಾಪಿಗೂ ಸ್ಟ್ಯಾಟಿಕ್ ಹಾಕ್ತೀಯಾ? ಆ ಲ್ಯಾಪ್‌ಟಾಪನ್ನ ಬೇರೆಯವರ ಮನೆಗೆ ತಗೊಂಡು ಹೋದ್ರೆ ಅಲ್ಲಿನ ಗೇಟ್‌ವೇ (ಹೊರಗೆ ಹೋಗೋ ದಾರಿ, ಅಂದ್ರೆ ರೌಟರ್) 192.168.0.1, ನಿನ್ನ ಲ್ಯಾಪ್‌ಟಾಪ್ ಮಾತ್ರ 192.168.1.1 ಎಲ್ಲಿ ಅಂತ ಹುಡುಕ್ತಾ ಕೂತಿರುತ್ತೆ.

ಕೀಲಿಮಣೆ ಅವರೇ, ರೌಟರಿನಲ್ಲಿ "ಅಡ್ರೆಸ್ ರಿಸರ್ವೇಷನ್" ಅಥವಾ "ಸ್ಟ್ಯಾಟಿಕ್ ಲೀಸ್" ಅನ್ನೋ ಆಯ್ಕೆ ಇದ್ಯಾ ನೋಡಿ. ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಒಂದು ನಂಬರ್ ಕಟ್ಟಿಹಾಕಿ. ಪ್ರಿಂಟರ್ ಕಡೆ ಏನೂ ಮುಟ್ಟಬೇಡಿ, ಅದು ಆಟೊಮ್ಯಾಟಿಕ್‌ನಲ್ಲೇ ಇರಲಿ.

ತಂತಿಪ್ರಿಯ
ವಿಂಡೋಸ್‌ನಲ್ಲಿ ಈಗ ಒಂದೊಂದು ವೈಫೈಗೂ ಬೇರೆ ಬೇರೆ ಐಪಿ ಸೆಟ್ಟಿಂಗ್ ಇಡಬಹುದು. ನಿಮ್ಮ ಮಾತು ಹಳೇ ಕಾಲದ್ದು.

ಸೊನ್ನೆಒಂದು
ಸರಿ, ವೈಫೈಗೆ ಆಗುತ್ತೆ, ಒಪ್ಪಿದೆ. ಕೇಬಲ್ ಚುಚ್ಚಿದಾಗ?

ರಾತ್ರಿಪಾಳಿ
ಜಗಳ ಆಮೇಲೆ ಮಾಡೋಣ, ಮೊದಲು 104 ಯಾಕೆ 107 ಆಯ್ತು ಅಂತ ನೋಡೋಣ.

ಡಿಎಚ್‌ಸಿಪಿಯಲ್ಲಿ ನಾಲ್ಕು ಹೆಜ್ಜೆ. ಉಪಕರಣ "ಯಾರಾದ್ರೂ ವಿಳಾಸ ಕೊಡೋರು ಇದ್ದೀರಾ" ಅಂತ ಎಲ್ಲರಿಗೂ ಕೇಳಿಸೋ ಹಾಗೆ ಕೂಗುತ್ತೆ, ಅದು ಡಿಸ್ಕವರ್. ರೌಟರ್ ಒಂದು ನಂಬರ್ ಮುಂದಿಡುತ್ತೆ, ಅದು ಆಫರ್. ಉಪಕರಣ "ಅದೇ ಕೊಡಿ" ಅಂದ್ರೆ ರಿಕ್ವೆಸ್ಟ್, ರೌಟರ್ "ಆಯ್ತು, ಇಷ್ಟು ಹೊತ್ತು ನಿಂದು" ಅಂದ್ರೆ ಅಕ್ನಾಲೆಜ್. ಆ "ಇಷ್ಟು ಹೊತ್ತು" ಅನ್ನೋದೇ ಲೀಸ್. ಲೀಸಿನ ಅರ್ಧ ಅವಧಿ ಕಳೆದ ತಕ್ಷಣ ಉಪಕರಣ ಸುಮ್ಮನೆ ನವೀಕರಣ ಕೇಳುತ್ತೆ. ಉತ್ತರ ಸಿಗದಿದ್ರೆ 87.5 ಶೇಕಡಾ ಮುಗಿದ ಮೇಲೆ ಯಾವ ಸರ್ವರ್ ಆದ್ರೂ ಸರಿ ಅಂತ ಮತ್ತೆ ಎಲ್ಲರಿಗೂ ಕೂಗುತ್ತೆ. 1997ರ ಆರ್‌ಎಫ್‌ಸಿ 2131 ಅನ್ನೋ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಇರೋದೇ ಇದು, ಇವತ್ತಿಗೂ ಹೀಗೇ ನಡೀತಿದೆ. ಅಂದ್ರೆ ಸದಾ ಆನ್ ಇರೋ ಉಪಕರಣದ ನಂಬರ್ ತಿಂಗಳುಗಟ್ಟಲೆ ಬದಲಾಗದೇ ಇರಬಹುದು.

ಕರೆಂಟ್ ಹೋದಾಗ ಎಡವಟ್ಟಾಗೋದು ಎರಡು ಕಡೆ. ಎಷ್ಟೋ ಮನೆ ರೌಟರುಗಳು ಯಾವ ನಂಬರ್ ಯಾರಿಗೆ ಕೊಟ್ಟಿದ್ದೆ ಅನ್ನೋ ಪಟ್ಟಿಯನ್ನ ಬರೀ ರ್‍ಯಾಮಿನಲ್ಲಿ ಇಟ್ಟುಕೊಂಡಿರುತ್ತವೆ. ಕರೆಂಟ್ ಹೋಯ್ತು, ಪಟ್ಟಿನೂ ಹೋಯ್ತು. ಫೋನು, ಲ್ಯಾಪ್‌ಟಾಪ್ ಆದ್ರೆ "ನಂದು ಮೊದಲು ಇದಿತ್ತು, ಅದನ್ನೇ ಕೊಡಿ" ಅಂತ ಕೇಳುತ್ತವೆ. ಕೆಲವು ಪ್ರಿಂಟರ್, ಟಿವಿಗಳಿಗೆ ಆ ನೆನಪು ಇರಲ್ಲ, ಹೊಸದಾಗಿ ಕೂಗೋಕೆ ಶುರು ಮಾಡ್ತವೆ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ಕೂಗ್ತಾವೆ, ರೌಟರ್ ಸರದಿಯಲ್ಲಿ ಹಂಚೋ ಜಾತಿಯದ್ದಾದ್ರೆ ಮೊದಲು ಎದ್ದೋರಿಗೆ ಮೊದಲ ನಂಬರ್. ಟಿವಿ ಬೇಗ ಎದ್ದಿದೆ, ಅಷ್ಟೇ.

ಎಲ್ಲ ರೌಟರೂ ಹೀಗಲ್ಲ. ವಿಳಾಸ ಹಂಚೋಕೆ ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಮ್ ಓಡಿಸೋ ರೌಟರುಗಳು (ಓಪನ್‌ಡಬ್ಲ್ಯುಆರ್‌ಟಿ ಅನ್ನೋ ರೌಟರ್ ಸಾಫ್ಟ್‌ವೇರ್ ಹಾಕಿದ್ರೆ ಅದೇ ಇರುತ್ತೆ) ಮ್ಯಾಕ್ ವಿಳಾಸದಿಂದಲೇ ಲೆಕ್ಕ ಹಾಕಿ ನಂಬರ್ ಆರಿಸ್ತವೆ. ಹಾಗಾಗಿ ಪಟ್ಟಿ ಕಳೆದುಹೋದ್ರೂ ಬಹುತೇಕ ಹಳೇ ನಂಬರೇ ಮತ್ತೆ ಸಿಗುತ್ತೆ.

ಬೇಲಿಹೂ
ಇಷ್ಟು ದಿನ ಡಿಎಚ್‌ಸಿಪಿ ಅಂದ್ರೆ ಲಾಟರಿ ಅಂದ್ಕೊಂಡಿದ್ದೆ. ಧನ್ಯವಾದ ಸರ್.

ತಂತಿಪ್ರಿಯ
ಚೆನ್ನಾಗಿ ಹೇಳಿದ್ರಿ ರಾತ್ರಿಪಾಳಿ. ಆದ್ರೆ ನೀವು ಹೇಳಿದ್ದೆಲ್ಲ ನನ್ನ ವಾದಕ್ಕೇ ಬಲ. ರೌಟರನ್ನ ನಂಬಿದ್ರೆ ಹೀಗೇ ಆಗೋದು. ರಿಸರ್ವೇಷನ್ ಪಟ್ಟಿನೂ ಆ ರೌಟರಿನೊಳಗೇ ಇರೋದಲ್ವಾ? ರೌಟರ್ ಸತ್ತ ದಿನ ಪಟ್ಟಿನೂ ಸಾಯುತ್ತೆ. ಉಪಕರಣದಲ್ಲೇ ಬರೆದಿಟ್ಟಿದ್ರೆ ಅದಕ್ಕೆ ಯಾರ ಹಂಗೂ ಇಲ್ಲ.

ಕಡಲಹಕ್ಕಿ
ಮಾರಾಯ್ರೆ, ರೌಟರ್ ಸತ್ತ ದಿನ ಸ್ಟ್ಯಾಟಿಕ್ ಹಾಕಿದವನ ಪಾಡು ಎಂತ ಆಗ್ತದೆ ಅಂತ ನಾನು ಹೇಳ್ತೇನೆ ಕೇಳಿ.

ಹಳೆ ರೌಟರ್ 192.168.1 ಸರಣಿಯದ್ದು, ಹೊಸದು ಬಂದದ್ದು 192.168.0 ಸರಣಿಯದ್ದು. ಮನೆಯಲ್ಲಿ ಆಟೊಮ್ಯಾಟಿಕ್‌ನಲ್ಲಿ ಇದ್ದದ್ದೆಲ್ಲ ಎರಡು ನಿಮಿಷದಲ್ಲಿ ಹೊಸ ರೌಟರಿಗೆ ಹೊಂದಿಕೊಂಡವು. ಸ್ಟ್ಯಾಟಿಕ್ ಹಾಕಿದವು ಬೇರೆಯೇ ಲೋಕದಲ್ಲಿ. ಅವುಗಳ ಸೆಟ್ಟಿಂಗ್ ಪೇಜ್ ತೆರೆಯುವ ಅಂದ್ರೆ ಅವು ಈ ನೆಟ್‌ವರ್ಕಿನಲ್ಲಿಯೇ ಇಲ್ಲ. ಕಡೆಗೆ ಪ್ರಿಂಟರಿನ ಎದುರು ಕೂತು ಅದರ ಎರಡು ಸಾಲಿನ ಪುಟ್ಟ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಂಕಿ ಏರಿಸಬೇಕು. ಸಬ್‌ನೆಟ್ ಮಾಸ್ಕಿನ 255 ಮುಟ್ಟಲಿಕ್ಕೆ ಸೊನ್ನೆಯಿಂದ ಮೇಲೆ ಹತ್ತುತ್ತಾ ಹೋಗುವುದು, ಸ್ವಲ್ಪ ಜಾಸ್ತಿ ಒತ್ತಿದ್ರೆ ತಿರುಗಿ ಸೊನ್ನೆ. ಅಂಥದ್ದು ಮೂರು ಸಲ. ಆಮೇಲೆ ಗೇಟ್‌ವೇ. ಆಮೇಲೆ ಡಿಎನ್‌ಎಸ್ (ಹೆಸರು ಕೊಟ್ರೆ ಅದರ ಐಪಿ ನಂಬರ್ ಹೇಳುವ ಸರ್ವರ್). ನಡುವೆ ತಪ್ಪಿ "ಬ್ಯಾಕ್" ಒತ್ತಿದ್ರೆ ಮೊದಲಿಂದ.

ರಿಸರ್ವೇಷನ್ ಪಟ್ಟಿ ಹೋದ್ರೆ ಒಂದು ಪೇಜಿನಲ್ಲಿ ಕೂತು ಮತ್ತೆ ಬರೆದರೆ ಆಯ್ತು. ರೌಟರಿನ ಸೆಟ್ಟಿಂಗ್ ಬ್ಯಾಕಪ್ ಫೈಲ್ ಕೂಡ ಇಳಿಸಿ ಇಟ್ಟುಕೊಳ್ಳಬಹುದು.

ತಂತಿಪ್ರಿಯ
ಹೊಸ ರೌಟರನ್ನೇ 192.168.1.1ಕ್ಕೆ ಬದಲಾಯಿಸಿದ್ರೆ ಆಗ್ತಿತ್ತಲ್ಲ! ಒಂದೇ ಒಂದು ಸೆಟ್ಟಿಂಗ್. ಬಾಣದ ಗುಂಡಿ ಒತ್ತೋ ಕರ್ಮ ಯಾಕೆ?

ಕಡಲಹಕ್ಕಿ
ಅದು ಹೌದು, ರೌಟರ್ ನಮ್ಮ ಕೈಯಲ್ಲಿದ್ರೆ. ಕೆಲವು ಕನೆಕ್ಷನ್‌ನವರು ಕೊಡುವ ಡಬ್ಬದಲ್ಲಿ ಆ ಪೇಜೇ ಬೀಗ ಹಾಕಿ ಇಟ್ಟಿರ್ತಾರೆ.

ರಾತ್ರಿಪಾಳಿ
ತಂತಿಪ್ರಿಯ ಹೇಳಿದ್ದು ಸರಿ, ಸಾಧ್ಯ ಇದ್ದ ಕಡೆ ಅದೇ ಸುಲಭದ ದಾರಿ. ನಿಮ್ಮ ಇನ್ನೊಂದು ಮಾತಿಗೆ ಮಾತ್ರ ತಿದ್ದುಪಡಿ: ಡಿಎಚ್‌ಸಿಪಿ ಕೊಡೋನು ಸತ್ತ ಕ್ಷಣಕ್ಕೇ ಮನೆಯ ನೆಟ್‌ವರ್ಕ್ ಸಾಯಲ್ಲ. ಲೀಸ್ 24 ಗಂಟೆ ಅಂತ ಇಟ್ಟಿದ್ರೆ ಮುಗಿಯೋ ತನಕ ಎಲ್ಲರೂ ತಮ್ಮ ನಂಬರಿನಲ್ಲೇ ಇರ್ತಾರೆ. ಮುಗಿದ ಮೇಲೆ ಎಷ್ಟೋ ಉಪಕರಣಗಳು ತಾವೇ 169.254ರಿಂದ ಶುರುವಾಗೋ ವಿಳಾಸ ಹಾಕಿಕೊಳ್ತವೆ. ಆ ನಂಬರ್ ಕಂಡ್ರೆ "ಇವನಿಗೆ ವಿಳಾಸ ಕೊಡೋರು ಯಾರೂ ಸಿಕ್ಕಿಲ್ಲ" ಅಂತ ತಿಳ್ಕೊಳ್ಳಿ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡೋಕೆ ಮುಂಚೆ.

ಜ್ವಾಳದತೆನಿ
ನಮ್ಮ ಮನ್ಯಾಗ ಆಗಿದ್ದ ಹೇಳ್ತೀನಿ ಕೇಳ್ರಿ. ಕ್ಯಾಮೆರಾ ಹಾಕಾಕ ಬಂದಾವ ತನ್ನ ಪಾಡಿಗೆ ತಾನು 192.168.1.110 ಅಂತ ಸ್ಟ್ಯಾಟಿಕ್ ಬರದು ಹೋದ. ರೌಟರ್ ಹಂಚೋ ರೇಂಜ್ 100ರಿಂದ 199. ಅಂದ್ರ ರೌಟರಿಗೆ ಗೊತ್ತಿಲ್ದಂಗ ಅದರ ಚೀಲದಾಗಿನ ನಂಬರ್ ಕದ್ದಂಗ ಆತು.

ಮೊದಲ ಚಲೋ ನಡೀತು. ಆಮ್ಯಾಲ ಸಂಜಿ ಮುಂದ ಮಾತ್ರ ಕ್ಯಾಮೆರಾ ಕೈ ಕೊಡಾಕ ಹತ್ತಿತು. ಮುಂಜಾನಿ ಸರಿ, ಸಂಜಿಗೆ ಚಿತ್ರ ನಿಂತ ನಿಂತ ಬರೂದು. ಕ್ಯಾಮೆರಾದವಗ ಕೇಳಿದ್ರ ವೈಫೈ ಸರಿ ಇಲ್ಲಂದ, ವೈಫೈದವಗ ಕೇಳಿದ್ರ ಕ್ಯಾಮೆರಾ ಸರಿ ಇಲ್ಲಂದ. ಕಡೀಕ ಲ್ಯಾಪ್‌ಟಾಪಿನ್ಯಾಗ ಎಆರ್‌ಪಿ ಟೇಬಲ್ (ಯಾವ ನಂಬರಿಗೆ ಯಾವ ಮ್ಯಾಕ್ ಅಂತ ಇರೋ ಪಟ್ಟಿ) ತಗದ ನೋಡಿದೆ. 110ರ ಮುಂದ ಒಂದ್ ಮ್ಯಾಕ್ ಇತ್ತು. ಸ್ವಲ್ಪ ಹೊತ್ತು ಬಿಟ್ಟ ನೋಡಿದ್ರ ಅದ 110ರ ಮುಂದ ಬ್ಯಾರೆ ಮ್ಯಾಕ್! ಸಾಲಿ ಬಿಟ್ಟ ಮ್ಯಾಲ ಮಗಳ ಟ್ಯಾಬ್ ಆನ್ ಆಗೂದು, ರೌಟರ್ ಅದಕ್ಕ 110 ಕೊಡೂದು. ಒಂದ ನಂಬರಿಗೆ ಇಬ್ಬರು ಮಾಲಕರು.

ಸ್ಟ್ಯಾಟಿಕ್ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ರೌಟರ್ ಹಂಚೋ ರೇಂಜಿನ ಹೊರಗ ಹಾಕ್ರಿ.

ಬೇಲಿಹೂ
ಅಯ್ಯೋ, ಕೊಡೋಕೆ ಮುಂಚೆ ಆ ನಂಬರ್ ಖಾಲಿ ಇದ್ಯಾ ಅಂತ ರೌಟರ್ ನೋಡಲ್ವಾ?

ರಾತ್ರಿಪಾಳಿ
ನೋಡೋ ರೌಟರ್ ಇವೆ, ಮೊದಲು ಪಿಂಗ್ ಮಾಡಿ ಉತ್ತರ ಬಂದ್ರೆ ಬೇರೆ ನಂಬರ್ ಕೊಡ್ತವೆ. ನೋಡದವೂ ಇವೆ. ನೋಡಿದ್ರೂ, ಆ ಹೊತ್ತಿಗೆ ಕ್ಯಾಮೆರಾ ಆಫ್ ಇದ್ರೆ ಉತ್ತರ ಬರಲ್ಲ, ನಂಬರ್ ಖಾಲಿ ಅಂತ ಲೆಕ್ಕ. ಕ್ಯಾಮೆರಾ ಎದ್ದ ಮೇಲೆ ಇಬ್ಬರೂ ಅದೇ ನಂಬರಿನಲ್ಲಿ. ಜ್ವಾಳದತೆನಿ ಅವರು ಎಆರ್‌ಪಿ ನೋಡಿದ್ದು ಸರಿಯಾದ ಪತ್ತೇದಾರಿ ಕೆಲಸ.

ಸೊನ್ನೆಒಂದು
ಇದಕ್ಕೇ ನಾನು ರಿಸರ್ವೇಷನ್ ಅನ್ನೋದು. ಪಟ್ಟಿ ಒಂದೇ ಕಡೆ ಇದ್ರೆ ಒಂದು ನಂಬರ್ ಇಬ್ಬರಿಗೆ ಹೋಗೋ ಪ್ರಶ್ನೆಯೇ ಇಲ್ಲ. ಸ್ಟ್ಯಾಟಿಕ್ ಹಾಕಿದ್ರೆ ಅರ್ಧ ಲೆಕ್ಕ ರೌಟರ್ ಹತ್ರ, ಇನ್ನರ್ಧ ನಿಮ್ಮ ತಲೆಯಲ್ಲಿ. ನಿಮ್ಮ ತಲೆಯಲ್ಲಿರೋದು ರೌಟರಿಗೆ ಕಾಣಲ್ಲ.

ರಿಸರ್ವೇಷನ್ ಕೂಡ ರೇಂಜಿನ ಹೊರಗೇ ಕೊಡಬೇಕು ಅನ್ನೋದು ನೆನಪಿರಲಿ.

ರಾತ್ರಿಪಾಳಿ
ಅದು ಎಲ್ಲ ಕಡೆ ನಿಜ ಅಲ್ಲ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಒಳಗೂ ಇಡಬಹುದು, ಹೊರಗೂ ಇಡಬಹುದು. ಕಾದಿರಿಸಿದ್ದನ್ನ ಅದು ಬೇರೆಯವರಿಗೆ ಕೊಡಲ್ಲ. ಕೆಲವು ಮನೆ ರೌಟರುಗಳು ರೇಂಜಿನ ಒಳಗಿನ ನಂಬರ್ ಮಾತ್ರ ತಗೊಳ್ತವೆ, ಹೊರಗಿನದ್ದು ಬರೆದ್ರೆ ತಪ್ಪು ಅಂತವೆ. ಇನ್ನು ಕೆಲವಕ್ಕೆ ಹೊರಗೇ ಬೇಕು. ನಿಮ್ಮ ರೌಟರ್ ಯಾವುದಕ್ಕೆ ಒಪ್ಪುತ್ತೋ ಅದು. ಉಪಕರಣದಲ್ಲೇ ಕೈಯಾರೆ ಬರೆಯೋ ಸ್ಟ್ಯಾಟಿಕ್ ಮಾತ್ರ ಖಂಡಿತ ಹೊರಗೇ ಇರಬೇಕು.

ಮಳೆನೀರು
ನಾನು ಫೋನಿಗೆ ರಿಸರ್ವೇಷನ್ ಮಾಡಿದ್ದೀನಿ, ಆದ್ರೂ ಬೇರೆ ನಂಬರ್ ಬರ್ತಿದೆ. ಫೋನಿನ ಸೆಟ್ಟಿಂಗಿನಲ್ಲಿ "ಅಬೌಟ್" ಒಳಗೆ ಇದ್ದ ಮ್ಯಾಕ್ ನೋಡಿಯೇ ಬರೆದಿದ್ದು. ರೌಟರ್ ಕೆಟ್ಟಿದ್ಯಾ?

ಸೊನ್ನೆಒಂದು
ರೌಟರ್ ಚೆನ್ನಾಗೇ ಇದೆ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ, ಫೋನುಗಳು ವೈಫೈಗೆ ತಮ್ಮ ಅಸಲಿ ಮ್ಯಾಕ್ ತೋರಿಸಲ್ಲ. ಒಂದೊಂದು ವೈಫೈ ಹೆಸರಿಗೂ ಒಂದೊಂದು ಸುಳ್ಳು ಮ್ಯಾಕ್ ಮಾಡಿಕೊಳ್ತವೆ, ಹೋದಲ್ಲೆಲ್ಲ ನಮ್ಮ ಜಾಡು ಹಿಡಿಯೋಕೆ ಆಗಬಾರದು ಅಂತ. ಗುರುತಿಸೋದು ಸುಲಭ: ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಇದ್ರೆ ಅದು ಕಾರ್ಖಾನೆಯಲ್ಲಿ ಕೊಟ್ಟ ಮ್ಯಾಕ್ ಅಲ್ಲ.

ಮನೆ ವೈಫೈಗೆ ಮಾತ್ರ ಆ ಆಯ್ಕೆ ಆಫ್ ಮಾಡಬಹುದು. ಇಲ್ಲಾಂದ್ರೆ ರೌಟರಿನ ಪಟ್ಟಿಯಲ್ಲಿ ಈಗ ಕಾಣೋ ಸುಳ್ಳು ಮ್ಯಾಕ್‌ಗೇ ರಿಸರ್ವೇಷನ್ ಕೊಡಿ. ಅದು ಆ ವೈಫೈಗೆ ಸಾಮಾನ್ಯವಾಗಿ ಅದೇ ಇರುತ್ತೆ. ಐಫೋನಿನ ಹೊಸ ಆವೃತ್ತಿಯಲ್ಲಿ "ಫಿಕ್ಸೆಡ್", "ರೊಟೇಟಿಂಗ್" ಅಂತ ಎರಡಿದೆ. ರೊಟೇಟಿಂಗ್ ಇದ್ರೆ ಕೆಲಸ ಕೆಡುತ್ತೆ.

ಕಡಲಹಕ್ಕಿ
ಅದಕ್ಕಿಂತ ಮೊದಲಿನ ಪ್ರಶ್ನೆ ಉಂಟು. ಫೋನಿಗೆ ಖಾಯಂ ನಂಬರ್ ಯಾಕೆ? ಫೋನನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ಅದೇ ಬೇರೆಯವರನ್ನು ಹುಡುಕಿಕೊಂಡು ಹೋಗುವುದು. ಪ್ರಿಂಟರ್, ಫೈಲ್ ಇಡುವ ಕಂಪ್ಯೂಟರ್, ಕ್ಯಾಮೆರಾ ಇವುಗಳನ್ನು ಬೇರೆಯವರು ಹುಡುಕಿಕೊಂಡು ಬರ್ತಾರೆ, ಅವಕ್ಕೆ ಬೇಕು.

ಮಳೆನೀರು
ಮಕ್ಕಳ ಫೋನಿಗೆ ರಾತ್ರಿ ಹೊತ್ತು ನೆಟ್ ಬಂದ್ ಮಾಡೋಕೆ ಸರ್ 😀

ತಂತಿಪ್ರಿಯ
ಮಕ್ಕಳಿಗೆ ಮ್ಯಾಕ್ ಬದಲಾಯಿಸೋದು ನಿಮಗಿಂತ ಬೇಗ ಗೊತ್ತಾಗುತ್ತೆ, ಚಿಂತೆ ಬಿಡಿ.

ಹೊಸಬ
ಸ್ಟ್ಯಾಟಿಕ್ ಐಪಿ ಬೇಕಂದ್ರೆ ಇಂಟರ್ನೆಟ್ ಕಂಪನಿಯವರು ತಿಂಗಳಿಗೆ ಬೇರೆ ದುಡ್ಡು ಕೇಳ್ತಾರಂತಲ್ಲ? ನೀವೆಲ್ಲ ಪುಕ್ಕಟೆ ಸಿಗೋ ಹಾಗೆ ಮಾತಾಡ್ತಿದ್ದೀರಿ.

ರಾತ್ರಿಪಾಳಿ
ಅದು ಬೇರೆ, ಇದು ಬೇರೆ. ಅವರು ದುಡ್ಡು ಕೇಳೋದು ಹೊರಗಿನ ಜಗತ್ತಿಗೆ ಕಾಣೋ ಸಾರ್ವಜನಿಕ ವಿಳಾಸಕ್ಕೆ. ನಾವು ಮಾತಾಡ್ತಿರೋದು ಮನೆ ಒಳಗಿನದ್ದು. 10ರಿಂದ ಶುರುವಾಗೋವು, 172.16ರಿಂದ 172.31ರ ತನಕ, 192.168ರಿಂದ ಶುರುವಾಗೋವು, ಇವನ್ನ 1996ರಲ್ಲೇ ಖಾಸಗಿ ಬಳಕೆಗೆ ಅಂತ ತೆಗೆದಿಟ್ಟಿದ್ದಾರೆ. ಯಾರು ಬೇಕಾದ್ರೂ ಬಳಸಬಹುದು, ಬಿಟ್ಟಿ.

ಹೊರಗಿಂದ ಮನೆ ಕ್ಯಾಮೆರಾ ನೋಡಬೇಕು ಅಂತ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದದ್ದನ್ನ ರೌಟರ್ ಒಳಗಿನ ಒಂದು ನಂಬರಿಗೆ ದಾಟಿಸೋದು) ಮಾಡೋದಾದ್ರೆ ಎರಡೂ ಕಡೆ ನೋಡಬೇಕು. ಒಳಗೆ ಕ್ಯಾಮೆರಾದ ನಂಬರ್ ಬದಲಾಗಬಾರದು, ಬದಲಾದ್ರೆ ಬಾಗಿಲು ಟಿವಿ ಕಡೆಗೆ ತೆರೆದಿರುತ್ತೆ. ರೌಟರಿನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಇದ್ರೆ ಕಂಪನಿಯವರೇ ಅನೇಕ ಮನೆಗಳನ್ನ ಒಂದು ವಿಳಾಸದ ಹಿಂದೆ ಕೂರಿಸಿದ್ದಾರೆ ಅಂತ ಅರ್ಥ. ಆಗ ನೀವು ಒಳಗೆ ಎಷ್ಟು ಸ್ಟ್ಯಾಟಿಕ್ ಹಾಕಿದ್ರೂ ಪೋರ್ಟ್ ಫಾರ್ವರ್ಡ್ ನಡೆಯಲ್ಲ. ಅಂದಹಾಗೆ ಕ್ಯಾಮೆರಾನ ನೇರ ಇಂಟರ್ನೆಟ್ಟಿಗೆ ತೆರೆದಿಡೋದು ನನಗಂತೂ ಸರಿ ಕಾಣಲ್ಲ. ವಿಪಿಎನ್ (ಹೊರಗಿಂದ ಮನೆ ನೆಟ್‌ವರ್ಕಿಗೆ ಬೀಗ ಹಾಕಿದ ಖಾಸಗಿ ದಾರಿ) ಹಾಕಿ.

ಹೊಸಬ
ಅರ್ಥ ಆಯ್ತು ಸರ್. ಸ್ಟ್ಯಾಟಿಕ್ ಹಾಕಿದ್ರೆ ಸ್ಪೀಡ್ ಜಾಸ್ತಿ ಆಗುತ್ತಾ?

ಸೊನ್ನೆಒಂದು
ಇಲ್ಲ. ವೈಫೈಗೆ ಸೇರೋವಾಗ ನಾಲ್ಕು ಪುಟ್ಟ ಪ್ಯಾಕೆಟ್ ಉಳಿಯುತ್ತೆ, ಅಷ್ಟೇ. ಆಮೇಲೆ ಡೌನ್‌ಲೋಡಿಗೂ ಅದಕ್ಕೂ ಸಂಬಂಧ ಇಲ್ಲ. ಸೆಕ್ಯೂರಿಟಿಯೂ ಜಾಸ್ತಿ ಆಗಲ್ಲ, ಮುಂದಿನ ಪ್ರಶ್ನೆ ಅದೇ ಬರುತ್ತೆ ಅಂತ ಗೊತ್ತು. ವೈಫೈ ಪಾಸ್‌ವರ್ಡ್ ಸಿಕ್ಕವನು ತಾನೇ ಒಂದು ಖಾಲಿ ನಂಬರ್ ಬರ್ಕೊಂಡು ಒಳಗೆ ಕೂರ್ತಾನೆ.

ಗೂಡುದೀಪ
ಯಾಕೆ ಎಲ್ಲರೂ ನಂಬರಿಗೆ ಜೋತುಬಿದ್ದಿದ್ದೀರಿ? ಹೆಸರಿನಿಂದ ಕರೆಯಿರಿ. ಪ್ರಿಂಟರ್ ಡಾಟ್ ಲೋಕಲ್ ಅಂತ. ಎಂಡಿಎನ್‌ಎಸ್ ಇರೋದೇ ಅದಕ್ಕೆ. ನಂಬರ್ ದಿನಾ ಬದಲಾದ್ರೂ ಲೆಕ್ಕಕ್ಕಿಲ್ಲ.

ರಾತ್ರಿಪಾಳಿ
ಕೆಲಸ ಮಾಡಿದಾಗ ಚೆಂದ. ಎಂಡಿಎನ್‌ಎಸ್ 224.0.0.251ಕ್ಕೆ ಕೂಗೋದು ಆ ಒಂದೇ ನೆಟ್‌ವರ್ಕಿನೊಳಗೆ ಮಾತ್ರ ಕೇಳಿಸುತ್ತೆ. ಕ್ಯಾಮೆರಾಗಳನ್ನ ಬೇರೆ ವಿಲ್ಯಾನ್‌ನಲ್ಲಿ (ಅದೇ ಮನೆಯೊಳಗೆ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್) ಇಟ್ಟಿದ್ರೆ ಆಚೆ ದಾಟಲ್ಲ. ಮನೆ ತುಂಬ ವೈಫೈ ಹರಡೋ ಕೆಲವು ಮೆಶ್ ಡಬ್ಬಗಳೂ ಇದನ್ನ ಸರಿಯಾಗಿ ದಾಟಿಸಲ್ಲ.

ಗೂಡುದೀಪ
ಮನೇಲಿ ವಿಲ್ಯಾನ್ ಇಟ್ಕೊಂಡೋರಿಗೆ ಈ ಚರ್ಚೆಯೇ ಬೇಕಾಗಿಲ್ಲ ಬಿಡಿ.

ಬೇಲಿಹೂ
ಜಾಹೀರಾತು ತಡೆಯೋಕೆ ಪೈ-ಹೋಲ್ ಹಾಕೋಣ ಅಂತಿದ್ದೀನಿ. ಅದಕ್ಕೆ ರಿಸರ್ವೇಷನ್ ಸಾಕಾ?

ತಂತಿಪ್ರಿಯ
ಈಗ ಬಂದ್ರಿ ನನ್ನ ದಾರಿಗೆ. ಅದಕ್ಕೆ ಸ್ಟ್ಯಾಟಿಕ್ಕೇ.

ಸೊನ್ನೆಒಂದು
ವಿಳಾಸ ಹಂಚೋ ಕೆಲಸ ರೌಟರೇ ಮಾಡ್ತಿದ್ದು, ಪೈ-ಹೋಲ್ ಬರೀ ಡಿಎನ್‌ಎಸ್ ಆಗಿದ್ರೆ ರಿಸರ್ವೇಷನ್ ಸಾಕು. ಪೈ-ಹೋಲ್‌ನಲ್ಲೇ ಡಿಎಚ್‌ಸಿಪಿ ಕೂಡ ಆನ್ ಮಾಡೋದಾದ್ರೆ ಅದಕ್ಕೆ ಸ್ಟ್ಯಾಟಿಕ್ ಬೇಕೇ ಬೇಕು, ಎಲ್ಲರಿಗೂ ವಿಳಾಸ ಹಂಚೋನು ತನ್ನ ವಿಳಾಸಕ್ಕೆ ಯಾರ ಹತ್ರ ಹೋಗ್ತಾನೆ? ಇಲ್ಲಿ ತಂತಿಪ್ರಿಯ ಗೆದ್ದ. ರೌಟರಿನ ಡಿಎಚ್‌ಸಿಪಿ ಆಫ್ ಮಾಡೋದು ಮಾತ್ರ ಮರೀಬೇಡಿ.

ಜ್ವಾಳದತೆನಿ
ಅದನ್ನ ಮರತ್ರ ಇನ್ನೊಂದು ರಾಮಾಯಣ. ಹಳೇ ರೌಟರ್ ಒಂದನ್ನ ಮ್ಯಾಲಿನ ಕ್ವಾಣ್ಯಾಗ ವೈಫೈ ಸಿಗ್ಲಿ ಅಂತ ಲ್ಯಾನ್ ಪೋರ್ಟಿಗೆ ಚುಚ್ಚತಾರ, ಅದರಾಗಿನ ಡಿಎಚ್‌ಸಿಪಿ ಹಂಗ ಬಿಡ್ತಾರ. ಆವಾಗ ಮನ್ಯಾಗ ಇಬ್ಬರು ಹಂಚವ್ರು. ಯಾರ ಆಫರ್ ಮೊದಲ ಬರತದೋ ಅವರ ಮಾತ ನಡೀತದ. ಅರ್ಧ ಮನಿಗೆ ನೆಟ್ ಐತಿ, ಅರ್ಧ ಮನಿಗೆ ಇಲ್ಲ.

ಕೀಲಿಮಣೆ
ಎಲ್ಲರಿಗೂ ಧನ್ಯವಾದ. ಓದಿ ಮುಗಿಸಿ ಕೂತು ಮಾಡಿದೆ: ಪ್ರಿಂಟರ್, ಡೆಸ್ಕ್‌ಟಾಪ್, ಎರಡು ಕ್ಯಾಮೆರಾ, ನಾಲ್ಕಕ್ಕೂ ರಿಸರ್ವೇಷನ್. ಮಿಕ್ಕಿದ್ದೆಲ್ಲ ಹಾಗೇ ಆಟೊಮ್ಯಾಟಿಕ್. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ರೆ 192.168.1.150 ಸರಿಯಾಗಿ ಬಂತು. ಆದ್ರೂ ವಿಂಡೋಸ್ ಆಫ್‌ಲೈನ್ ಅಂತಲೇ ಇದೆಯಲ್ಲ?

ಕಡಲಹಕ್ಕಿ
ವಿಂಡೋಸ್‌ನಲ್ಲಿ ಇನ್ನೂ ಹಳೇ ನಂಬರೇ ಕೂತಿರ್ತದೆ. ಪ್ರಿಂಟರ್ ಪ್ರಾಪರ್ಟೀಸ್ ತೆರೆದು "ಪೋರ್ಟ್ಸ್" ಟ್ಯಾಬಿಗೆ ಹೋಗಿ, 104 ಅಂತ ಇರುವ ಪೋರ್ಟ್ ಕಾಣ್ತದೆ. ಹೊಸದಾಗಿ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಸೇರಿಸಿ 150 ಕೊಡಿ. ಪ್ರಿಂಟರ್ ತೆಗೆದು ಮತ್ತೆ ಹಾಕುವುದು ಬೇಡ.

ಕೀಲಿಮಣೆ
ಬಂತು! ಟೆಸ್ಟ್ ಪೇಜ್ ಹೊರಗೆ ಬಿತ್ತು. ಡೆಸ್ಕ್‌ಟಾಪಿಗೆ ವೈಫೈ, ಕೇಬಲ್ ಎರಡೂ ಇದೆ, ಅದಕ್ಕೇನಾದ್ರೂ ಮಾಡಬೇಕಾ?

ಸೊನ್ನೆಒಂದು
ಎರಡಕ್ಕೂ ಬೇರೆ ಬೇರೆ ಮ್ಯಾಕ್ ಇರುತ್ತೆ. ಯಾವುದರಲ್ಲಿ ಓಡಿಸ್ತೀರೋ ಅದರ ಮ್ಯಾಕ್‌ಗೆ ಮಾಡಿ. ಸದಾ ಆನ್ ಇರೋ ಯಂತ್ರಕ್ಕೆ ಕೇಬಲ್ಲೇ ಒಳ್ಳೇದು, ವೈಫೈ ಆಫ್ ಮಾಡಿಬಿಡಿ.

ತಂತಿಪ್ರಿಯ
ಡೆಸ್ಕ್‌ಟಾಪಿಗೆ ಸ್ಟ್ಯಾಟಿಕ್ ಹಾಕಿ ಅಂತಲೇ ನಾನು ಈಗಲೂ ಹೇಳೋದು. ಕರೆಂಟ್ ಬಂದಾಗ ರೌಟರ್ ಏಳೋದು ತಡವಾದ್ರೂ ಅದು ತನ್ನ ನಂಬರಿನಲ್ಲಿ ರೆಡಿ ಇರುತ್ತೆ.

ಗೂಡುದೀಪ
ರೌಟರ್ ಏಳದೆ ಅದು ರೆಡಿ ಇದ್ದು ಯಾರ ಜೊತೆ ಮಾತಾಡುತ್ತೆ?

ತಂತಿಪ್ರಿಯ
ಬೇರೆ ಸ್ವಿಚ್‌ನಲ್ಲಿ ಅದರ ಪಕ್ಕದಲ್ಲೇ ಇರೋ ಇನ್ನೊಂದು ಕಂಪ್ಯೂಟರ್ ಜೊತೆ. ಅದಕ್ಕೂ ಸ್ಟ್ಯಾಟಿಕ್ ಹಾಕಿದ್ರೆ.

ಬೇಲಿಹೂ
ಇವರು ಬಗ್ಗೋರಲ್ಲ 😂

ಮಳೆನೀರು
ವಿಷಯ ಬಿಟ್ಟು ಒಂದು ಪ್ರಶ್ನೆ: ನೆಂಟರಿಗೆ ಅಂತ ಗೆಸ್ಟ್ ವೈಫೈ ಕೊಟ್ಟಿದ್ದೀನಿ. ಅವರಿಗೆ ಟಿವಿಗೆ ವಿಡಿಯೋ ಕಳಿಸೋಕೆ ಆಗ್ತಿಲ್ಲ. ಟಿವಿಗೆ ರಿಸರ್ವೇಷನ್ ಮಾಡಿದ್ರೆ ಸರಿಹೋಗುತ್ತಾ?

ರಾತ್ರಿಪಾಳಿ
ಇಲ್ಲ. ಗೆಸ್ಟ್ ವೈಫೈಯಿಂದ ಮನೆಯ ಒಳಗಿನ ಉಪಕರಣ ಕಾಣದ ಹಾಗೆ ರೌಟರೇ ತಡೆದಿರುತ್ತೆ, ಆ ಆಯ್ಕೆ ಇರೋದೇ ಅದಕ್ಕೆ. ಟಿವಿಯನ್ನೂ ಗೆಸ್ಟ್ ವೈಫೈಗೇ ಸೇರಿಸಿ ನೋಡಿ. ಅಲ್ಲೂ ಒಬ್ಬರಿಗೊಬ್ಬರು ಕಾಣದ ಹಾಗೆ ಐಸೊಲೇಷನ್ ಆನ್ ಇದ್ರೆ ಅದನ್ನ ತೆಗೀಬೇಕು. ಬೇರೆ ಚರ್ಚೆ ಶುರು ಮಾಡಿ, ರೌಟರ್ ಮಾಡೆಲ್ ಹಾಕಿ, ಅಲ್ಲಿ ನೋಡೋಣ.